ಮಾಟದ ಅನುಮಾನಕ್ಕೆ ಕೊಲೆಯಾದರೆ: ಶಿಕ್ಷೆಯ ವಾದದ ದಿನಕ್ಕೆ ಮನೆಯವರು ತಯಾರಾಗುವುದು ಹೇಗೆ

ಜಡ್ಜ್ 'ಅಪರಾಧ ಸಾಬೀತಾಗಿದೆ' ಅಂದ ಕೂಡಲೇ ಸತ್ತವರ ಮನೆಯವರು ಕಣ್ಣೊರೆಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟುಬಿಡುತ್ತಾರೆ. ದಯವಿಟ್ಟು ಹೊರಡಬೇಡಿ. ಎಷ್ಟು ಶಿಕ್ಷೆ ಅನ್ನುವುದಕ್ಕೆ ಬೇರೆಯೇ ವಾದ ನಡೆಯುತ್ತದೆ, ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಕಾನೂನುಗಳ ಪೈಕಿ ಹಳೆಯ ಸಿಆರ್‌ಪಿಸಿಯಲ್ಲಿ ಅದು ಕಲಂ 235(2), ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 258(2). ಆಗ ಎದುರು ಕಡೆಯ ವಕೀಲರು ಎದ್ದು ನಿಂತು, ಇವರು ಓದಿದವರಲ್ಲ, ಆಕೆ ಮಾಟ ಮಾಡುತ್ತಾಳೆ ಅಂತ ನಿಜವಾಗಿಯೂ ನಂಬಿದ್ದರು, ಮನೆಯಲ್ಲಿ ಮಗು ಕಾಯಿಲೆ ಬಿದ್ದಿತ್ತು, ಭಯದಲ್ಲಿ ಮಾಡಿದ್ದು, ಕರುಣೆ ತೋರಿಸಬೇಕು ಅಂತ ಕೇಳುತ್ತಾರೆ. ಅದು ಅವರ ಕೆಲಸ, ತಪ್ಪಲ್ಲ. ಆದರೆ ನಮ್ಮ ಕಡೆಯಿಂದ ಅದಕ್ಕೆ ಉತ್ತರ ಇರಬೇಕು ಅಲ್ವಾ?

ನಾನು ವಕೀಲ ಅಲ್ಲ. ಸಕಲೇಶಪುರದ ಕಡೆಯವನು. ನಮ್ಮ ಅಜ್ಜಿಯ ತಂಗಿಯನ್ನು ಊರಲ್ಲಿ 'ಮದ್ದು ಹಾಕುವವಳು' ಅನ್ನುತ್ತಿದ್ದರು. ಅವರ ಮನೆಯಲ್ಲಿ ಯಾರೂ ಒಂದು ಲೋಟ ಮಜ್ಜಿಗೆ ಮುಟ್ಟುತ್ತಿರಲಿಲ್ಲ, ಮದುವೆ ಮನೆಯಲ್ಲಿ ಅವರ ಪಕ್ಕ ಎಲೆ ಹಾಕಿಕೊಂಡು ಕೂರುತ್ತಿರಲಿಲ್ಲ. ಅವರಿಗೆ ಯಾರೂ ಕೈ ಎತ್ತಲಿಲ್ಲ, ಅದು ಅವರ ಪುಣ್ಯ. ಆ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ಗೊತ್ತಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಲೆಕ್ಕ. 2024ರ ಜುಲೈ 1ಕ್ಕಿಂತ ಮುಂಚೆ ನಡೆದ ಕೊಲೆಗೆ ಹಳೆಯ ದಂಡ ಸಂಹಿತೆಯ, ಅಂದರೆ ಐಪಿಸಿಯ, ಕಲಂ 302, ಆ ದಿನದಿಂದ ಈಚೆಗೆ ಅದರ ಜಾಗಕ್ಕೆ ಬಂದ ಬಿಎನ್‌ಎಸ್ 103. ಎರಡರಲ್ಲೂ ಜೀವಾವಧಿ ಇಲ್ಲವೇ ಮರಣದಂಡನೆ, ಜೊತೆಗೆ ದಂಡ. ಜೀವಾವಧಿಗಿಂತ ಕೆಳಗೆ ಇಳಿಯಲು ಜಡ್ಜ್‌ಗೂ ಅವಕಾಶ ಇಲ್ಲ. ಹಾಗಾದರೆ 'ನಂಬಿದ್ದರು' ಅನ್ನುವ ವಾದ ಎಲ್ಲಿ ಕೆಲಸ ಮಾಡುತ್ತದೆ? ಎರಡು ಕಡೆ. ಒಂದು, ಇದು ಕೊಲೆಯೇ ಅಲ್ಲ, ಅದಕ್ಕಿಂತ ಕಡಿಮೆಯ ಅಪರಾಧ ಅಂತ ಹೇಳಿ ಐಪಿಸಿ 304 ಅಥವಾ ಬಿಎನ್‌ಎಸ್ 105ಕ್ಕೆ ಇಳಿಸುವುದು. ಅಲ್ಲಿಗೆ ಬಂದರೆ ಹತ್ತು ವರ್ಷ, ಅದಕ್ಕೂ ಕಡಿಮೆ ಆಗಬಹುದು. ಇನ್ನೊಂದು, ಕೊಲೆ ಅಂತ ಒಪ್ಪಿಕೊಂಡು ಮರಣದಂಡನೆ ತಪ್ಪಿಸುವುದು. ನಮ್ಮ ಮನೆಗಳವರು ಎರಡನೆಯದರ ಬಗ್ಗೆಯೇ ಮಾತಾಡುತ್ತಾರೆ. ನಿಜವಾದ ನಷ್ಟ ಆಗುವುದು ಮೊದಲನೆಯದರಲ್ಲಿ, ಮತ್ತು ಅದು ತೀರ್ಮಾನ ಆಗುವುದು ಶಿಕ್ಷೆಯ ದಿನಕ್ಕಿಂತ ಮುಂಚೆ.

ಕೆಳಗೆ ಇಳಿಸಲು ಅವರು ಹಿಡಿಯುವ ದಾರಿ 'ಗಂಭೀರ ಮತ್ತು ಹಠಾತ್ ಪ್ರಚೋದನೆ'. 1961ರ ನಾನಾವತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಅಳತೆ ಕೊಟ್ಟಿದೆ. ಆರೋಪಿ ಯಾವ ಸಮಾಜದಿಂದ ಬಂದವನೋ ಅದೇ ಸಮಾಜದ ವಿವೇಕವಂತ ಮನುಷ್ಯ ಅಂಥ ಸಂದರ್ಭದಲ್ಲಿ ಹಿಡಿತ ಕಳೆದುಕೊಳ್ಳುತ್ತಿದ್ದನೇ ಅಂತ ನೋಡಬೇಕು. 'ನಮ್ಮ ಊರಲ್ಲಿ ಎಲ್ಲರೂ ಮಾಟ ನಂಬುತ್ತಾರೆ ಸ್ವಾಮಿ' ಅನ್ನುವ ಮಾತು ಒಳಗೆ ಬರುವುದು ಈ ಬಾಗಿಲಿಂದಲೇ. ಆದರೆ ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತದೆ. ಸಿಟ್ಟು ತಣ್ಣಗಾಗಲು, ಯೋಚನೆ ಮಾಡಲು ಸಮಯ ಸಿಕ್ಕಿದ್ದರೆ ಆ ರಿಯಾಯಿತಿ ಇಲ್ಲ. ನಮ್ಮ ಉತ್ತರ ಇಲ್ಲಿದೆ. ಮಾಟದ ಅನುಮಾನ ಒಂದೇ ನಿಮಿಷದಲ್ಲಿ ಹುಟ್ಟುವುದಿಲ್ಲ, ಅದು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬೆಳೆಯುತ್ತದೆ.

ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಂಡು ದಿನಾಂಕದ ಪ್ರಕಾರ ಬರೆಯಿರಿ. ಅವರ ಮನೆಯಲ್ಲಿ ಹಸು ಸತ್ತದ್ದು ಯಾವಾಗ, ಮಗುವಿಗೆ ಜ್ವರ ಬಂದದ್ದು ಯಾವಾಗ, ಶಾಸ್ತ್ರ ಕೇಳಲು ಎಲ್ಲಿಗೆ ಹೋದರು, ಹೊಸ್ತಿಲಲ್ಲಿ ನಿಂಬೆಹಣ್ಣು ಕುಂಕುಮ ಸಿಕ್ಕಿತು ಅಂತ ಯಾವ ದಿನ ಗಲಾಟೆ ತೆಗೆದರು, ಬಾವಿಕಟ್ಟೆಯಲ್ಲಿ ಯಾರ ಎದುರು 'ಇವಳನ್ನು ಬಿಡುವುದಿಲ್ಲ' ಅಂದರು, ಮಚ್ಚು ಮನೆಯಿಂದ ತಂದದ್ದೋ ಅಲ್ಲೇ ಸಿಕ್ಕಿದ್ದೋ. ಮುಂಚೆ ಠಾಣೆಗೆ ಅರ್ಜಿ ಕೊಟ್ಟಿದ್ದರೆ ಅದರ ಹಿಂಬರಹ ಹುಡುಕಿ ತೆಗೆಯಿರಿ. ಪಂಚಾಯಿತಿ ಮಾಡಿ ಚೀಟಿ ಬರೆದಿದ್ದರೆ ಅದೂ ಬೇಕು. ಫೋನಿನಲ್ಲಿರುವ ವಾಯ್ಸ್ ಮೆಸೇಜ್ ಅಳಿಸಬೇಡಿ, ಫೋನ್ ಹಾಳಾದರೂ ಎಸೆಯಬೇಡಿ. ಇದೆಲ್ಲವನ್ನೂ ತನಿಖೆ ನಡೆಯುವಾಗಲೇ ಇನ್‌ಸ್ಪೆಕ್ಟರಿಗೆ ಹೇಳಿ ಹೇಳಿಕೆಯಲ್ಲಿ ಬರೆಸಿ. ಸಾಕ್ಷಿಕಟ್ಟೆಯಲ್ಲಿ ಮೊದಲ ಸಲ ಹೇಳಿದರೆ 'ಈಗ ಕಟ್ಟಿ ಹೇಳುತ್ತಿದ್ದೀರಿ' ಅನ್ನುತ್ತಾರೆ. ಶಿಕ್ಷೆಯ ದಿನ ಹೇಳಿದರೆ ಕಾಲ ಮಿಂಚಿರುತ್ತದೆ.

ಹೆಸರು ಹೇಳಿದ ಮಂತ್ರವಾದಿಯನ್ನು ಮರೆಯಬೇಡಿ. ನನಗೆ ಜಾಸ್ತಿ ಸಿಟ್ಟು ಬರುವುದು ಇವರ ಮೇಲೆಯೇ. 'ನಿಮ್ಮ ಮನೆಯ ಪೂರ್ವಕ್ಕಿರುವ ವಿಧವೆ' ಅಂತ ಹೇಳಿ ದಕ್ಷಿಣೆ ತೆಗೆದುಕೊಂಡು ಆರಾಮಾಗಿ ಇದ್ದುಬಿಡುತ್ತಾರೆ. ಕೊಲ್ಲಲು ಕುಮ್ಮಕ್ಕು ಕೊಟ್ಟದ್ದು ಸಾಬೀತಾದರೆ ಕೊಂದವರಿಗಿರುವ ಶಿಕ್ಷೆಯೇ ಅವರಿಗೂ (ಐಪಿಸಿ 109, ಬಿಎನ್‌ಎಸ್ 49). ಬರೀ ಹೆಸರು ಹೇಳಿದ್ದಷ್ಟೇ ಆದರೆ ಕೊಲೆಯ ಕುಮ್ಮಕ್ಕು ನಿಲ್ಲುವುದು ಕಷ್ಟ. ಆಗ 2020ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಅನ್ವಯಿಸುತ್ತದೆಯೇ ಅಂತ ಸರ್ಕಾರಿ ವಕೀಲರನ್ನು ಕೇಳಿ. ಅದರಲ್ಲಿ ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ ಇದೆ.

ಸತ್ತವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ಕೊಂದವರು ಅಲ್ಲದಿದ್ದರೆ, ದೌರ್ಜನ್ಯ ತಡೆ ಕಾಯ್ದೆ ಚಾರ್ಜ್‌ಶೀಟಿನಲ್ಲಿ ಸೇರಿದೆಯೇ ನೋಡಿ. ಮಾಟಗಾತಿ ಅಂತ ಆರೋಪ ಹೊರಿಸಿ ಹಿಂಸೆ ಕೊಡುವುದನ್ನು ಅಲ್ಲಿ ಬೇರೆಯದೇ ಅಪರಾಧ ಅಂತ ಬರೆದಿದೆ. ಅದರ 15ಎ ಕಲಂ ಪ್ರಕಾರ ಜಾಮೀನು, ಪೆರೋಲ್, ಶಿಕ್ಷೆ, ಎಲ್ಲದರಲ್ಲೂ ನಿಮ್ಮ ಮಾತು ಕೇಳಲೇಬೇಕು. ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಇರುವ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಮರಣದಂಡನೆಯ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಅದಕ್ಕೇ ಪಟ್ಟು ಹಿಡಿದು ಕೂರಬೇಡಿ. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪಿನಿಂದ ಅದು ಅಪರೂಪದಲ್ಲಿ ಅಪರೂಪದ ಕೇಸಿಗೆ ಮಾತ್ರ. ಅದೇ ಕೋರ್ಟಿನ 2022ರ ಮನೋಜ್ ತೀರ್ಪಿನಿಂದ ಆರೋಪಿಯ ಬಾಲ್ಯ, ಬಡತನ, ಮನಸ್ಸಿನ ಸ್ಥಿತಿ ಎಲ್ಲವನ್ನೂ ಕೋರ್ಟು ತರಿಸಿ ನೋಡಬೇಕು. ಜಾರ್ಖಂಡ್‌ನ ಸುಶೀಲ್ ಮುರ್ಮು ಮಗುವನ್ನು ಬಲಿ ಕೊಟ್ಟ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಮರಣದಂಡನೆ ಎತ್ತಿಹಿಡಿಯಿತು, ಆಮೇಲೆ 2012ರಲ್ಲಿ ರಾಷ್ಟ್ರಪತಿ ಅದನ್ನು ಜೀವಾವಧಿಗೆ ಇಳಿಸಿದರು. ದೂರದ ಪಪುವಾ ನ್ಯೂಗಿನಿಯಲ್ಲಿ 1971ರ ಮಾಟದ ಕಾಯ್ದೆ ಮಾಟವನ್ನೇ ಪ್ರಚೋದನೆ ಅಂತ ಒಪ್ಪಲು ದಾರಿ ಕೊಟ್ಟಿತ್ತು. 2013ರಲ್ಲಿ ಕೆಪಾರಿ ಲೆನಿಯಾಟಾ ಅನ್ನುವ ಯುವತಿಯನ್ನು ಜನರ ಎದುರೇ ಸುಟ್ಟಮೇಲೆ ಆ ಕಾಯ್ದೆ ರದ್ದು ಮಾಡಿ ಇಂಥ ಕೊಲೆಗೆ ಮರಣದಂಡನೆ ತಂದರು. ಕೊಲೆಗಳು ನಿಲ್ಲಲಿಲ್ಲ. 2022ರಲ್ಲಿ ಮರಣದಂಡನೆಯನ್ನೇ ತೆಗೆದುಹಾಕಿದರು.

ನಾವು ಕೇಳಬೇಕಾದದ್ದು ಜೀವಾವಧಿ ಗಟ್ಟಿಯಾಗಿ ನಿಲ್ಲಲಿ ಅಂತ. ಸಾಮಾನ್ಯವಾಗಿ ಕೊಲೆಯ ಜೀವಾವಧಿ ಕೈದಿಯನ್ನು 14 ವರ್ಷ ಕಳೆಯದೆ ಸರ್ಕಾರ ಕ್ಷಮಾದಾನದಲ್ಲಿ ಬಿಡುವಂತಿಲ್ಲ. ಇಷ್ಟು ವರ್ಷ ಬಿಡಲೇಬಾರದು ಅಂತ ಆದೇಶ ಮಾಡುವ ದಾರಿ ನಮ್ಮದೇ ರಾಜ್ಯದ ಶ್ರದ್ಧಾನಂದ ಕೇಸಿನಲ್ಲಿ 2008ರಲ್ಲಿ ತೆರೆಯಿತು, ಆದರೆ ಆ ಅಧಿಕಾರ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಮಾತ್ರ, ಹಾಸನದ ಸೆಷನ್ಸ್ ಕೋರ್ಟಿಗೆ ಇಲ್ಲ.

ಈಗ ಆ ದಿನದ ಕೆಲಸ. ಕೋರ್ಟಿನ ಅನುಮತಿ ಪಡೆದು ಸರ್ಕಾರಿ ವಕೀಲರಿಗೆ ಸಹಾಯ ಮಾಡಲು ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ವಾಯಿದೆ ಯಾವತ್ತು ಅಂತ ಸುಮ್ನೆ ಯಾರನ್ನೋ ಕೇಳಿಕೊಂಡು ಓಡಾಡಬೇಡಿ, ಪ್ರತಿ ಕೇಸಿಗೂ ಕೋರ್ಟು ಕೊಡುವ ಗುರುತಿನ ಸಂಖ್ಯೆ, ಅಂದರೆ ಸಿಎನ್‌ಆರ್ ನಂಬರ್, ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಗೊತ್ತಾಗುತ್ತದೆ. ಸತ್ತವರ ಬಗ್ಗೆ ಒಂದು ಪುಟ ಬರೆದು ವಕೀಲರ ಕೈಗೆ ಕೊಡಿ. ಕೇಸಿನ ಉದ್ದಕ್ಕೂ ಅವರನ್ನು 'ಮಾಟ ಮಾಡುತ್ತಿದ್ದಳು ಎನ್ನಲಾದ ಮಹಿಳೆ' ಅಂತಲೇ ಕರೆದಿರುತ್ತಾರೆ. ಅವರ ಹೆಸರು ಬರೆಯಿರಿ, ಎಷ್ಟು ವರ್ಷ ತೋಟದ ಕೆಲಸ ಮಾಡಿದರು, ಯಾರನ್ನು ಸಾಕಿದರು, ಈಗ ಆ ಮೊಮ್ಮಗಳ ಶಾಲೆಯ ಫೀಸು ಯಾರು ಕಟ್ಟುತ್ತಿದ್ದಾರೆ ಅಂತ ಬರೆಯಿರಿ. ಪರಿಹಾರದ ಅರ್ಜಿಯನ್ನೂ ಅದೇ ಹೊತ್ತಿಗೆ ಹಾಕಿ, ಅಪರಾಧಿಯ ಹತ್ತಿರ ದುಡ್ಡಿಲ್ಲದಿದ್ದರೂ ಸರ್ಕಾರದ ಪರಿಹಾರ ಯೋಜನೆ ಇದೆ (ಸಿಆರ್‌ಪಿಸಿ 357ಎ, ಬಿಎನ್‌ಎಸ್‌ಎಸ್ 396).

ತೀರ್ಪು ಬಂದ ವಾರದಲ್ಲೇ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಕೈಗೆ ಬಂದಮೇಲೆ ಮೊದಲು ನೋಡಬೇಕಾದದ್ದು ಯಾವ ಕಲಂ ಅಂತ, ಎಷ್ಟು ವರ್ಷ ಅಂತ ಅಲ್ಲ. ಕೊಲೆಯನ್ನು 304ಕ್ಕೋ 105ಕ್ಕೋ ಇಳಿಸಿದ್ದರೆ ಅದು 'ಕಡಿಮೆ ಅಪರಾಧಕ್ಕೆ ತೀರ್ಪು', ಅದರ ಮೇಲೆ ನೀವೇ ನೇರವಾಗಿ ಬೆಂಗಳೂರಿನ ಹೈಕೋರ್ಟಿಗೆ ಅಪೀಲು ಹೋಗಬಹುದು. ಕಲಂ ಸರಿಯಿದ್ದು ಶಿಕ್ಷೆ ಮಾತ್ರ ಸಾಲದು ಅನ್ನಿಸಿದರೆ ನಿಮಗೆ ಆ ಹಕ್ಕಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆಗ ಸರ್ಕಾರವೇ ಅಪೀಲು ಹಾಕಬೇಕು. ಹಾಕಿ ಅಂತ ಸರ್ಕಾರಿ ವಕೀಲರಿಗೆ ಲಿಖಿತವಾಗಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಸಹಿ ಹಾಕಿಸಿಕೊಂಡು ಬನ್ನಿ.