ರಾಕೆಟ್ ಇವತ್ತು ಹಾರುತ್ತಾ? ಕೋಲಾರದಲ್ಲಿ ಕೂತು ಲೆಕ್ಕ ಹಾಕುವ ಬಗೆ

ಕೋಲಾರದಿಂದ ಶ್ರೀಹರಿಕೋಟಾಕ್ಕೆ ನೇರ ಗೆರೆ ಎಳೆದರೆ ಸುಮಾರು 235 ಕಿ.ಮೀ. ನಮಗೆ ಶಿವಮೊಗ್ಗಕ್ಕಿಂತ ಹತ್ತಿರ. ರಾತ್ರಿಯ ಉಡಾವಣೆಯಾಗಿ, ಆಕಾಶವೂ ತಿಳಿಯಾಗಿದ್ದರೆ ಅಂತರಗಂಗೆ ಬೆಟ್ಟದ ಮೇಲಿಂದ ರಾಕೆಟ್ಟಿನ ಬೆಂಕಿಯನ್ನು ಬರಿಗಣ್ಣಲ್ಲೇ ನೋಡಬಹುದು. ಕಷ್ಟವೆಲ್ಲ ಯಾವತ್ತು ಬೆಟ್ಟ ಹತ್ತಬೇಕು ಅನ್ನುವುದರಲ್ಲಿದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ತಾರೀಖು ನಂಬಿ ಮಕ್ಕಳನ್ನು ಕಟ್ಟಿಕೊಂಡು ಹೋದವರಿಗೆ, ಉಡಾವಣೆ ಮುಂದಕ್ಕೆ ಹೋದ ಸುದ್ದಿ ಮೇಲೆ ಹತ್ತಿದ ಮೇಲೆ ಸಿಗುತ್ತದೆ.

ರಾಕೆಟ್ಟಿನ ತಾರೀಖು ಬದಲಾಗುತ್ತಲೇ ಇರುತ್ತದೆ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನೂ ಇಲ್ಲ. ಯಾಕೆ ಬದಲಾಯಿತು ಅಂತ ತಿಳಿದರೆ, ಎಷ್ಟು ದಿನ ಮುಂದಕ್ಕೆ ಹೋಗಬಹುದು ಅಂತ ಹೆಚ್ಚುಕಡಿಮೆ ನಾವೇ ಹೇಳಬಹುದು.

ಮೊದಲು: ಒಂದು ಒಳ್ಳೆ ಪಟ್ಟಿ ಹಿಡಿಯಿರಿ

ಫೋನಿಗೆ 'ನೆಕ್ಸ್ಟ್ ಸ್ಪೇಸ್‌ಫ್ಲೈಟ್' ಅಥವಾ 'ಸ್ಪೇಸ್ ಲಾಂಚ್ ನೌ' ಆ್ಯಪ್ ಹಾಕಿಕೊಳ್ಳಿ. ಎರಡೂ ಉಚಿತ, ಒಂದಿದ್ದರೆ ಸಾಕು. ಇಸ್ರೋದ ಉಡಾವಣೆಗೆ ಇಸ್ರೋದ ವೆಬ್‌ಸೈಟು ಮತ್ತು ಎಕ್ಸ್ ಖಾತೆಯೇ ಕೊನೆಯ ಮಾತು.

ಆ್ಯಪ್ ಹಾಕಿದ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ: ನೋಟಿಫಿಕೇಶನ್ ಕಡಿಮೆ ಮಾಡುವುದು. ಸ್ಪೇಸ್‌ಎಕ್ಸ್ ಒಂದೇ ಕಂಪನಿ 2024ರಲ್ಲಿ 130ಕ್ಕೂ ಹೆಚ್ಚು ಫಾಲ್ಕನ್ ರಾಕೆಟ್ ಹಾರಿಸಿತು. ಎಲ್ಲವನ್ನೂ ಆನ್ ಇಟ್ಟರೆ ಎರಡು-ಮೂರು ದಿನಕ್ಕೊಮ್ಮೆ ನಡುರಾತ್ರಿ ಫೋನು ಕಿರುಚುತ್ತದೆ. ಹೆಚ್ಚಿನವು ಸ್ಟಾರ್‌ಲಿಂಕ್ ಉಪಗ್ರಹಗಳ ಗಂಟುಗಳು. ಅವನ್ನು ತೆಗೆದುಹಾಕಿ, ಶ್ರೀಹರಿಕೋಟಾದಿಂದ ಹೋಗುವುದನ್ನು ಇಟ್ಟುಕೊಳ್ಳಿ. ಹಾಗೆಯೇ ನಮ್ಮವರ ಉಪಗ್ರಹ ಹೊತ್ತ ವಿದೇಶಿ ರಾಕೆಟ್ಟುಗಳನ್ನೂ ಗುರುತು ಮಾಡಿಕೊಳ್ಳಿ. ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಮೂರು 'ಫೈರ್‌ಫ್ಲೈ' ಉಪಗ್ರಹಗಳು 2025ರ ಜನವರಿ 14ರಂದು ಹೋದದ್ದು ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್‌ನಿಂದ, ಫಾಲ್ಕನ್ 9ರಲ್ಲಿ.

ಎರಡನೆಯದು: ತಾರೀಖಿನ ಪಕ್ಕದ ಅಕ್ಷರ ನೋಡಿ

ಪಟ್ಟಿಯಲ್ಲಿ ತಾರೀಖಿನ ಪಕ್ಕ ಟಿಬಿಡಿ, ಟಿಬಿಸಿ, ಗೋ ಅಂತ ಏನಾದರೂ ಇರುತ್ತದೆ. ನಮ್ಮ ಕಡೆಯ ಮದುವೆ ಲೆಕ್ಕದಲ್ಲಿ ಹೇಳಬೇಕಂದ್ರೆ ಟಿಬಿಡಿ ಅಂದರೆ ಇನ್ನೂ ಹುಡುಗಿ ನೋಡುವ ಹಂತ. ಟಿಬಿಸಿ ಅಂದರೆ ನಿಶ್ಚಿತಾರ್ಥ ಆಗಿದೆ. ಗೋ ಅಂದರೆ ಲಗ್ನಪತ್ರಿಕೆ ಹಂಚಿಯಾಗಿದೆ. ಗೋ ಅಂತ ಬರುವವರೆಗೆ ರಜೆ ಹಾಕಬೇಡಿ.

ಎನ್‌ಇಟಿ ಅಂತ ಕಂಡರೆ 'ಈ ದಿನಕ್ಕಿಂತ ಮೊದಲಂತೂ ಆಗಲ್ಲ' ಅಂತ ಓದಿಕೊಳ್ಳಿ. ಆ ದಿನವೇ ಆಗುತ್ತದೆ ಅಂತ ಅದು ಎಲ್ಲೂ ಹೇಳಿಲ್ಲ. ತಿಂಗಳ ಕೊನೆಯ ತಾರೀಖು, ವರ್ಷದ ಕೊನೆಯ ತಾರೀಖು ಕೊಟ್ಟಿದ್ದರೆ ಅದು ಸುಮ್ನೆ ಜಾಗ ತುಂಬಿಸಿದ್ದು. ಡಿಸೆಂಬರ್ 31ಕ್ಕೆ ಹತ್ತಾರು ರಾಕೆಟ್ಟುಗಳು ಸಾಲಾಗಿ ನಿಂತಿದ್ದರೆ ಗಾಬರಿಯಾಗಬೇಡಿ.

ಇಸ್ರೋ ಬಾಯಿ ಬಿಡುವ ಮೊದಲೇ ಸುಳಿವು ಸಿಗುವ ಜಾಗವೂ ಇದೆ. ರಾಕೆಟ್ಟಿನ ಖಾಲಿ ಹಂತಗಳು ಸಮುದ್ರಕ್ಕೆ ಬೀಳುವುದರಿಂದ ವಿಮಾನಗಳಿಗೆ 'ನೋಟಮ್', ಹಡಗುಗಳಿಗೆ ಎಚ್ಚರಿಕೆ ಸೂಚನೆ ಹೊರಡಿಸಲೇಬೇಕು. ಬಂಗಾಳ ಕೊಲ್ಲಿ ಸೇರುವ 'ನ್ಯಾವ್‌ಏರಿಯಾ 8' ಅನ್ನುವ ಸಮುದ್ರ ವಲಯಕ್ಕೆ ಈ ಸೂಚನೆ ಕೊಡುವುದು ಭಾರತವೇ. ಅದರಲ್ಲಿ ಹಲವು ದಿನಗಳ ಅವಧಿ ಇರುತ್ತದೆ. ಮೊದಲ ದಿನವೇ ಉಡಾವಣೆ ಅಂತ ತಿಳಿದು ಫಾರ್ವರ್ಡ್ ಮಾಡುವವರು ಜಾಸ್ತಿ. ಅಲ್ಲಿರುವುದು ಹಾರಬಹುದಾದ ದಿನಗಳು, ಅಷ್ಟೇ.

ಮೂರನೆಯದು: ಗಡಿಯಾರ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜನ ಎಡವುವುದು ಇಲ್ಲೇ.

ಪಟ್ಟಿಗಳು ಸಾಮಾನ್ಯವಾಗಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಕೊಡುತ್ತವೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ಫ್ಲಾರಿಡಾದ ಸ್ಥಳೀಯ ಸಮಯ ಕೊಟ್ಟಿದ್ದರೆ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಕೂಡಿಸಬೇಕು. ಕ್ಯಾಲಿಫೋರ್ನಿಯಾ ಆದರೆ ಅದರ ಮೇಲೆ ಇನ್ನೂ ಮೂರು ಗಂಟೆ. ಯುರೋಪಿನ ರಾಕೆಟ್ಟುಗಳು ಏರುವ ಫ್ರೆಂಚ್ ಗಯಾನಾಗೆ ವರ್ಷವಿಡೀ ಎಂಟೂವರೆ.

ಗಂಟೆ ತಪ್ಪಿದರೆ ಹೋಗಲಿ, ಇಲ್ಲಿ ತಾರೀಖೇ ತಪ್ಪುತ್ತದೆ. ನಮ್ಮ ಜಿಸ್ಯಾಟ್-ಎನ್2 ಉಪಗ್ರಹವನ್ನು ಸ್ಪೇಸ್‌ಎಕ್ಸ್ 2024ರ ನವೆಂಬರಿನಲ್ಲಿ ಹಾರಿಸಿತು. ಫ್ಲಾರಿಡಾದಲ್ಲಿ ಆಗ 18ರ ಸೋಮವಾರ ಮಧ್ಯಾಹ್ನ 1.31. ಯುಟಿಸಿಯಲ್ಲಿ 18ರ ಸಂಜೆ 18.31. ನಮ್ಮಲ್ಲಿ 19ರ ಮಂಗಳವಾರ, ಮಧ್ಯರಾತ್ರಿ ದಾಟಿ ಒಂದು ನಿಮಿಷ. '19ನೇ ತಾರೀಖು ರಾತ್ರಿ 12.01' ಅಂತ ಓದಿ, 19ರ ರಾತ್ರಿ ಊಟ ಮುಗಿಸಿ ಕೂತರೆ ರಾಕೆಟ್ ಹೋಗಿ ಒಂದು ದಿನವಾಗಿರುತ್ತದೆ. ಹೀಗಾಗಿ ನಡುರಾತ್ರಿಯ ಉಡಾವಣೆಯನ್ನು ಕ್ಯಾಲೆಂಡರಿನಲ್ಲಿ ಬರೆಯುವಾಗ '18 ರಾತ್ರಿ–19 ಬೆಳಗಿನ ಜಾವ' ಅಂತ ಎರಡೂ ದಿನ ಬರೆದಿಡಿ.

ಜೊತೆಗೆ 'ವಿಂಡೋ', ಅಂದರೆ ಆ ದಿನ ಏರಬಹುದಾದ ಅವಧಿ, ಎಷ್ಟು ಅಗಲ ಅಂತ ನೋಡಿ. ಸ್ಟಾರ್‌ಲಿಂಕ್‌ಗೆ ಕೆಲವು ಗಂಟೆಗಳ ಅವಕಾಶ ಇರುತ್ತದೆ, ಹಾಗಾಗಿ ಅದೇ ರಾತ್ರಿ ಎರಡು ಸಲ ಸಮಯ ಬದಲಾಗಬಹುದು. ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವ ರಾಕೆಟ್ಟಿಗೆ ಇರುವುದು ಒಂದೇ ಕ್ಷಣ. ನಿಲ್ದಾಣದ ಕಕ್ಷೆಯ ಗೆರೆ ಉಡಾವಣಾ ಕಟ್ಟೆಯ ಮೇಲೆ ಬರುವ ಹೊತ್ತಿಗೇ ಏರಬೇಕು. ಆ ಹೊತ್ತು ದಿನಕ್ಕೆ ಇಪ್ಪತ್ತು ಚಿಲ್ಲರೆ ನಿಮಿಷ ಹಿಂದಕ್ಕೆ ಸರಿಯುತ್ತದೆ. ಶುಭಾಂಶು ಶುಕ್ಲಾ ಹೋದ ಆಕ್ಸಿಯಂ-4 ನೆನಪಿದೆಯಲ್ವಾ? 2025ರ ಜೂನ್ 10ಕ್ಕೆ ನಮ್ಮ ಸಂಜೆ 5.52 ಅಂದರು. 11ಕ್ಕೆ 5.30 ಆಯಿತು. ಕೊನೆಗೆ 25ರಂದು ಏರಿದಾಗ ಮಧ್ಯಾಹ್ನ 12.01. ಅಷ್ಟೂ ದಿನದ ಇಪ್ಪತ್ತು ಚಿಲ್ಲರೆ ನಿಮಿಷಗಳನ್ನು ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ.

ನಾಲ್ಕನೆಯದು: ಯಾಕೆ ನಿಂತಿತು ಅಂತ ಕೇಳಿ

ಅದೇ ಆಕ್ಸಿಯಂ-4 ಇದಕ್ಕೂ ಒಳ್ಳೆ ಪಾಠ. ಮೇ 29 ಅಂತ ಇದ್ದದ್ದು ಜೂನ್ 8ಕ್ಕೆ, ಆಮೇಲೆ 10ಕ್ಕೆ ಹೋಯಿತು. ಗಾಳಿ ಜೋರಾಗಿದೆ ಅಂತ 10ರದ್ದು 11ಕ್ಕೆ ಹೋಯಿತು. ಅಷ್ಟರಲ್ಲಿ ಫಾಲ್ಕನ್ 9ರ ಬೂಸ್ಟರಿನಲ್ಲಿ (ಕೆಳಗಿನ ಮೊದಲ ಹಂತದಲ್ಲಿ) ದ್ರವ ಆಮ್ಲಜನಕ ಸೋರುವುದು ಕಂಡಿತು. ಅದರ ಬೆನ್ನಿಗೇ ನಿಲ್ದಾಣದ ರಷ್ಯಾ ಭಾಗದ ಜ್ವೆಜ್ದಾ ಘಟಕದಲ್ಲಿ ಒತ್ತಡದ ವಿಚಾರ ಬಂತು. 19 ಹೋಯಿತು, 22ನೂ ಹೋಯಿತು. ಗಾಳಿ ತಿಂದದ್ದು ಒಂದು ದಿನ. ಸೋರಿಕೆ ಮತ್ತು ನಿಲ್ದಾಣದ ರಿಪೇರಿ ಸೇರಿ ತಿಂದದ್ದು ಎರಡು ವಾರ.

ಇದೇ ಅಳತೆ ಬೇರೆ ಕಡೆಗೂ ನಡೆಯುತ್ತದೆ. ಕಕ್ಷೆಯಲ್ಲಿ ಬೇರೆ ಉಪಗ್ರಹ ಅಡ್ಡ ಬರುವ ಸಂಭವ ಇದ್ದರೆ ತಡ ನಿಮಿಷಗಳಲ್ಲಿ. 2024ರ ಡಿಸೆಂಬರ್ 30ರಂದು ಕಕ್ಷೆಯಲ್ಲೇ ಒಂದಕ್ಕೊಂದು ಜೋಡಿಸುವ ಪ್ರಯೋಗದ ಸ್ಪೇಡೆಕ್ಸ್ ಉಪಗ್ರಹಗಳನ್ನು ಹೊತ್ತ ಪಿಎಸ್‌ಎಲ್‌ವಿ ರಾತ್ರಿ 9.58ರ ಬದಲು 10ಕ್ಕೆ ಏರಿತು. ಉಪಗ್ರಹದಲ್ಲಿ ಸಣ್ಣ ದೋಷ ಇದ್ದು, ಮುಟ್ಟದೆ ಸರಿಮಾಡಬಹುದಾದರೆ ಒಂದು ದಿನ. ಯುರೋಪಿನ ಪ್ರೋಬಾ-3ನ್ನು ಇಸ್ರೋದ ವಾಣಿಜ್ಯ ಸಂಸ್ಥೆ ಎನ್‌ಎಸ್‌ಐಎಲ್ ಪರವಾಗಿ ಹಾರಿಸುವಾಗ ಹೀಗೇ ಆಯಿತು. 2024ರ ಡಿಸೆಂಬರ್ 4ರಂದು ಗಂಟೆಯೊಳಗೆ ಏರಬೇಕಾಗಿದ್ದದ್ದನ್ನು ನಿಲ್ಲಿಸಿ, ಮರುದಿನ ಸಂಜೆ 4.04ಕ್ಕೆ ಹಾರಿಸಿದರು. ರಾಕೆಟ್ಟಿನಲ್ಲೇ ತೊಂದರೆ ಕಂಡರೆ ವಾರ. ಚಂದ್ರಯಾನ-2 ಅನ್ನು 2019ರ ಜುಲೈ 15ರಂದು 56 ನಿಮಿಷ ಬಾಕಿ ಇರುವಾಗ ತಡೆದರು, ಏರಿದ್ದು 22ಕ್ಕೆ.

ಅದೇ ನಮೂನೆಯ ರಾಕೆಟ್ ಹಿಂದಿನ ಸಲ ಸೋತಿದ್ದರೆ ಮಾತ್ರ ಪಟ್ಟಿ ಮಡಚಿಡಿ. ಪಿಎಸ್‌ಎಲ್‌ವಿ-ಸಿ61 ಮೂರನೇ ಹಂತದ ತೊಂದರೆಯಿಂದ 2025ರ ಮೇ 18ರಂದು ವಿಫಲವಾಯಿತು. ಮುಂದಿನ ಪಿಎಸ್‌ಎಲ್‌ವಿ ಹೊರಟದ್ದು 2026ರ ಜನವರಿಯಲ್ಲಿ. ನಡುವೆ ಪಟ್ಟಿಗಳಲ್ಲಿ ಬಂದುಹೋದ ತಾರೀಖುಗಳಿಗೆ ಬೆಲೆ ಇರಲಿಲ್ಲ. ಹೊಸ ಕಂಪನಿಗಳ ವಿಷಯದಲ್ಲೂ ತಾಳ್ಮೆ ಬೇಕು. ಚೆನ್ನೈನ ಅಗ್ನಿಕುಲ್ ಕಾಸ್ಮಾಸ್ ತನ್ನ ಮೊದಲ ರಾಕೆಟ್ಟನ್ನು ಹಲವು ಸಲ ನಿಲ್ಲಿಸಿ, 2024ರ ಮೇ 30ರಂದು ಹಾರಿಸಿತು.

ಇನ್ನು ಹವಾಮಾನ. ನವೆಂಬರಿನಲ್ಲಿ 'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಅಂದ ಕೂಡಲೇ ನಮ್ಮ ರಾಗಿ ಕೊಯ್ಲಿನವರು ಆಕಾಶ ನೋಡುತ್ತಾರೆ. ಶ್ರೀಹರಿಕೋಟಾದವರಿಗೂ ಅದೇ ಚಿಂತೆ. ಫ್ಲಾರಿಡಾಗೆ ಅಮೆರಿಕದ ಬಾಹ್ಯಾಕಾಶ ಪಡೆಯ (ಸ್ಪೇಸ್ ಫೋರ್ಸ್) ಹವಾಮಾನ ತಂಡ ಶೇಕಡಾ ಲೆಕ್ಕದಲ್ಲಿ ವರದಿ ಕೊಡುತ್ತದೆ. ಅದನ್ನು ಓದುವಾಗ ಹುಷಾರು. ಮೂಲ ಹಾಳೆಯಲ್ಲಿ '30%' ಅಂದರೆ ಉಡಾವಣೆಯ ಹವಾಮಾನ ನಿಯಮ ಮುರಿಯುವ ಸಂಭವ, ಅಂದರೆ ಕೆಟ್ಟದ್ದರ ಲೆಕ್ಕ. ಸ್ಪೇಸ್‌ಎಕ್ಸ್ ಅದನ್ನೇ ತಿರುಗಿಸಿ '70% ಅನುಕೂಲ' ಅನ್ನುತ್ತದೆ. ಮೇಲ್ಮಟ್ಟದ ಗಾಳಿ ಆ ಅಂಕಿಯಲ್ಲಿ ಸೇರಿರುವುದಿಲ್ಲ. 90% ಅನುಕೂಲ ಅಂದ ದಿನವೂ ನಿಲ್ಲುವುದು ಅದಕ್ಕೇ.

ಐದನೆಯದು: ಕೊನೆಯ ಗಂಟೆ

ಫಾಲ್ಕನ್ 9ಕ್ಕೆ ಇಂಧನ ತುಂಬುವುದು 35 ನಿಮಿಷ ಬಾಕಿ ಇರುವಾಗ ಶುರುವಾಗುತ್ತದೆ. ತುಂಬಾ ತಣ್ಣಗೆ ಮಾಡಿದ ಆಮ್ಲಜನಕ ಹೊತ್ತು ಕಳೆದಂತೆ ಬೆಚ್ಚಗಾಗಿಬಿಡುತ್ತದೆ. ಆಮೇಲೆ ನಿಂತರೆ ಹೆಚ್ಚಿನ ಸಲ ಆ ದಿನದ ಕಥೆ ಮುಗಿದಂತೆ. ಹಾಗಾಗಿ 35 ನಿಮಿಷಕ್ಕೆ 'ತುಂಬುವುದು ಶುರು' ಅಂತ ಬಂದರೆ ಎದ್ದು ಕಾಫಿ ಇಡಿ, ಬರದಿದ್ದರೆ ಮಲಗಿ. ಇಸ್ರೋದ್ದು ಬೇರೆ ರೀತಿ. ಗಗನಯಾನದ ಟಿವಿ-ಡಿ1 ಪರೀಕ್ಷೆಯಲ್ಲಿ 2023ರ ಅಕ್ಟೋಬರ್ 21ರಂದು 5 ಸೆಕೆಂಡ್ ಬಾಕಿ ಇರುವಾಗ ಕಂಪ್ಯೂಟರ್ ತಾನೇ ತಡೆಯಿತು. ಅದೇ ಬೆಳಗ್ಗೆ 10ಕ್ಕೆ ಹಾರಿಸಿದರು. ಟಿವಿ ಆರಿಸಿದವರಿಗೆ ತಪ್ಪಿಹೋಯಿತು.

ಆರನೆಯದು: ಎಲ್ಲಿಂದ ನೋಡುವುದು

ತೇರಹಳ್ಳಿ ಬೆಟ್ಟ ಆಗಬಹುದು, ಪೂರ್ವಕ್ಕೆ ಅಡ್ಡ ಇಲ್ಲದ ನಿಮ್ಮ ತಾರಸಿಯೂ ಆಗಬಹುದು. ರಾತ್ರಿ ಬೆಟ್ಟಕ್ಕೆ ಹೋಗುವ ಮೊದಲು ಅನುಮತಿ ಕೇಳಿಕೊಳ್ಳಿ. ಚಿಕ್ಕಬಳ್ಳಾಪುರದವರಿಗೆ ನಂದಿಬೆಟ್ಟದ ಗೇಟು ರಾತ್ರಿ ಮುಚ್ಚಿರುತ್ತದೆ. ನೋಡಬೇಕಾದ ದಿಕ್ಕು ಪೂರ್ವ, ಸ್ವಲ್ಪ ಉತ್ತರಕ್ಕೆ ವಾಲಿ. ಏರಿದ ಕೂಡಲೇ ಏನೂ ಕಾಣುವುದಿಲ್ಲ. ನಿಮಿಷದ ಮೇಲಾದರೂ ಕಾಯಬೇಕು. ಧ್ರುವ ಕಕ್ಷೆಗೆ ಹೋಗುವ ಪಿಎಸ್‌ಎಲ್‌ವಿ ಶ್ರೀಲಂಕಾವನ್ನು ತಪ್ಪಿಸಿ ದಕ್ಷಿಣಕ್ಕೆ ತಿರುಗುವುದರಿಂದ ನಿಮ್ಮ ಬಲಕ್ಕೆ ಸರಿಯುತ್ತದೆ. ಫೋನಿನ ನೇರಪ್ರಸಾರ ಕೆಲವು ಸೆಕೆಂಡ್ ಹಿಂದಿರುತ್ತದೆ, ಅದನ್ನು ನೋಡುತ್ತ ಆಕಾಶ ಮರೆಯಬೇಡಿ.

ಹತ್ತಿರದಿಂದಲೇ ನೋಡಬೇಕು ಅಂದರೆ ಶ್ರೀಹರಿಕೋಟಾದಲ್ಲಿ ವೀಕ್ಷಣಾ ಗ್ಯಾಲರಿ ಇದೆ. ಉಡಾವಣೆಗೆ ಕೆಲವೇ ದಿನ ಮೊದಲು ಆನ್‌ಲೈನ್ ನೋಂದಣಿ ತೆರೆಯುತ್ತದೆ, ಬೇಗ ತುಂಬಿಹೋಗುತ್ತದೆ. ಮುಳಬಾಗಿಲು, ಪಲಮನೇರು, ಚಿತ್ತೂರು, ತಿರುಪತಿ, ನಾಯುಡುಪೇಟೆ, ಸೂಳ್ಳೂರುಪೇಟೆ ಹಾದು ಮುನ್ನೂರು ಕಿ.ಮೀ. ಹತ್ತಿರ ಆಗುತ್ತದೆ. ಹೇಗೂ ಆ ಕಡೆ ಹೋಗುತ್ತೀವಲ್ಲ ಅಂತ ತಿಮ್ಮಪ್ಪನ ದರ್ಶನವನ್ನೂ ಸೇರಿಸುವವರು ಅದನ್ನು ಉಡಾವಣೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ. ರಾಕೆಟ್ ಒಂದು ದಿನ ಮುಂದಕ್ಕೆ ಹೋದರೂ ದರ್ಶನದ ಟಿಕೆಟ್ ಕೈತಪ್ಪುವುದಿಲ್ಲ.