ಬಂಬಿನ ಹೊಗೆ ಬಚ್ಚಲಿಗೆ ಬರುವುದು ನಿಂತಿದ್ದು ಹೀಗೆ

ಧಾರವಾಡದ ನಮ್ಮ ಮನೆಯಲ್ಲಿ ಇವತ್ತಿಗೂ ಸ್ನಾನದ ನೀರಿಗೆ ತಾಮ್ರದ ಬಂಬೇ. ಈ ಮಳೆಗಾಲದಲ್ಲಿ ಅದು ಹಟ ಹಿಡಿಯಿತು. ಬೆಂಕಿ ಹಾಕಿದರೆ ಬಚ್ಚಲ ತುಂಬ ಹೊಗೆ, ನೀರು ಮಾತ್ರ ಉಗುರುಬೆಚ್ಚಗೆ. ಅವ್ವನಿಗೆ ಕಣ್ಣುರಿ, ತಲೆನೋವು. ತಲೆನೋವು ಅಂದಾಗ ನನಗೆ ನಿಜಕ್ಕೂ ಭಯವಾಯಿತು. ಹೊಗೆಯಾದರೂ ಕಣ್ಣಿಗೆ ಕಾಣುತ್ತದೆ. ಅದರ ಜೊತೆಗಿರುವ, ತಲೆನೋವು ತರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬಂಬು ಎಷ್ಟು ಚಂದದ ಸಾಮಾನು ನೋಡಿ. ನಡುವೆ ಕೊಳವೆ, ಸುತ್ತ ನೀರು. ಬಿಸಿಗಾಳಿ ಕೊಳವೆಯೊಳಗೆ ಮೇಲೇರುತ್ತಾ ತಾಮ್ರದ ಗೋಡೆಯ ಮೂಲಕ ನೀರಿಗೆ ಶಾಖ ಕೊಡುತ್ತದೆ. ಹೊಗೆ ನೀರನ್ನು ಮುಟ್ಟದೆ ಹೊರಗೆ ಹೋಗಬೇಕು.

ಆರಿದ ಮೇಲೆ ಕೊಳವೆಗೆ ಕೈ ಹಾಕಿದೆ. ಮಸಿ ದಪ್ಪಗೆ ಕಟ್ಟಿತ್ತು. ಮಸಿ ಶಾಖವನ್ನೂ ತಡೆಯುತ್ತದೆ, ಹೊಗೆಯ ದಾರಿಯನ್ನೂ ಕಿರಿದು ಮಾಡುತ್ತದೆ. ಎರಡೂ ತೊಂದರೆಗೆ ಮೂಲ ಒಂದೇ! ಉದ್ದ ಕೋಲಿಗೆ ತಂತಿ ಬ್ರಷ್ ಕಟ್ಟಿ ಉಜ್ಜಿದೆ. ಜಾಳಿಗೆಯ ಕೆಳಗಿನ ಬೂದಿ ತೆಗೆದೆ, ಬೆಂಕಿಗೆ ಗಾಳಿ ಅಲ್ಲಿಂದಲೇ ಬರಬೇಕಲ್ವಾ. ಆದರೂ ಜೋರು ಗಾಳಿ ಬೀಸಿದಾಗ ಹೊಗೆ ವಾಪಸ್ ಬರುತ್ತಿತ್ತು. ಹೊರಗಿನ ಪೈಪು ಹೆಂಚಿನ ಮಾಡಿಗಿಂತ ತಗ್ಗಿನಲ್ಲಿತ್ತು. ತಗಡಿನ ಕೆಲಸದವರಿಂದ 3 ಅಡಿ ಎತ್ತರಿಸಿ, ಮಳೆ ಬೀಳದಂತೆ ಟೊಪ್ಪಿಗೆ ಹಾಕಿಸಿದೆ.

ಈಗ ಬೆಂಕಿ ಹೊತ್ತಿದ ಮೇಲೆ ಊದಿನಕಡ್ಡಿಯನ್ನು ಒಲೆಬಾಯಿ ಹತ್ತಿರ ಹಿಡಿಯುತ್ತೇನೆ. ಅದರ ಹೊಗೆ ಒಳಗೆ ಎಳೆದುಕೊಂಡರೆ ಸರಿ. ಬಚ್ಚಲ ಕಿಟಕಿ ಯಾವಾಗಲೂ ತೆರೆದೇ ಇರುತ್ತದೆ. ಅವ್ವ ಚಳಿ ಅಂದರೂ ಮುಚ್ಚಲು ಬಿಡುವುದಿಲ್ಲ.