ಅಳಿಸಿದ ಮುಖ ಕಂದು ಬಣ್ಣದಲ್ಲಿ ವಾಪಸ್ ಬಂತು: ನನ್ನ ಅನುಭವ

ಯಾರೋ ಎಸೆದ ಹಳೇ ಫೋಟೋಗಳನ್ನು ಇಟ್ಟುಕೊಂಡು ಕೆಲಸ ಶುರು ಮಾಡಿ ಆರೇಳು ವರ್ಷ ಆಯಿತು. ಸೈನೋಟೈಪ್‌ನಲ್ಲಿ, ಅಂದರೆ ಬಿಸಿಲಿನಿಂದ ನೀಲಿ ಚಿತ್ರ ಮೂಡಿಸುವ ಹಳೇ ಫೋಟೋ ಪ್ರಿಂಟ್ ವಿಧಾನದಲ್ಲಿ, ಮಾಡುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು, ಇಂಜಿನಿಯರುಗಳ ನೀಲಿನಕ್ಷೆಗೆ ಸರಿ. ಬರೀ ನೀಲಿಯಲ್ಲಿ ನೆನಪು ಎಲ್ಲಿಂದ ಬರಬೇಕು?" ಅಂದರು. ಕಳೆದ ಪ್ರದರ್ಶನದಲ್ಲಿ ಅವರೇ ಒಂದೊಂದು ಚಿತ್ರದ ಮುಂದೆ ಐದೈದು ನಿಮಿಷ ನಿಂತರು.

ಮೊದಮೊದಲು ನಾನು ಅಸಲು ಫೋಟೋಗಳ ಮೇಲೇ ಕೈ ಹಾಕುತ್ತಿದ್ದೆ. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದ ಒಂದು ಮನೆಮಂದಿಯ ಚಿತ್ರ ಬಿಡಿಸಲು ಹೋದೆ. ಚಿತ್ರ ಇರುವ ಜೆಲಟಿನ್ ಪದರ ಕಿತ್ತು ಗಾಜಿನಲ್ಲೇ ಉಳಿಯಿತು. ತುದಿಯಲ್ಲಿ ನಿಂತಿದ್ದ ಮಗು ಅರ್ಧ ಹೋಯಿತು. ಆ ಮಗುವಿನ ಇನ್ನೊಂದು ಫೋಟೋ ಎಲ್ಲಾದರೂ ಇದೆಯೋ ಇಲ್ಲವೋ. ರಾತ್ರಿ ನಿದ್ದೆ ಬರಲಿಲ್ಲ. ಅವತ್ತಿನಿಂದ ಅಸಲಿಗೆ ನೀರು, ಬ್ಲೇಡು ಮುಟ್ಟಿಸಿಲ್ಲ. ಅಂಟಿದ್ದರೆ ಗಾಜಿನ ಸಮೇತ ಸ್ಕ್ಯಾನ್, 1200 ಡಿಪಿಐ (ಇಂಚಿಗೆ 1200 ಚುಕ್ಕೆ). ಬಿಡಿ ಫೋಟೋ ಆದರೆ ಹಿಂಬದಿಯನ್ನೂ ಬಿಡುವುದಿಲ್ಲ.

ದುಡ್ಡು ಜಾಸ್ತಿ ಕಳೆದದ್ದು ಕಾಗದದಲ್ಲಿ. ನೂರು ವರ್ಷ ಬಾಳುತ್ತದೆ ಅಂತ ಮಾರುವ ಆರ್ಕೈವಲ್ ಹಾಳೆ ಒಂದು ಕಟ್ಟು ತಂದೆ. ಆ ವರ್ಷ ಖರ್ಚು ಮಾಡಿದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಅದಕ್ಕೇ ಹೋಯಿತು. ಅಂಥ ಹಾಳೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನುವ ಕ್ಷಾರ ಸೇರಿಸಿರುತ್ತಾರೆ. ನೀಲಿಗೆ ಕ್ಷಾರ ಆಗಿಬರುವುದಿಲ್ಲ. ಮೂವತ್ತು, ಮೂವತ್ತೈದು ಪ್ರಿಂಟ್ ಕೆಲವೇ ತಿಂಗಳಲ್ಲಿ ಮಂಕಾದವು. ಅವನ್ನು ನೆಲದ ಮೇಲೆ ಹರಡಿ ನೋಡುತ್ತಾ ಕೂತಿದ್ದಾಗಲೇ ಹೊಳೆದದ್ದು: ಕ್ಷಾರ ನೀಲಿಯನ್ನು ತಿನ್ನುತ್ತದೆ ಅಂದರೆ, ನನಗೆ ಬೇಕಾದ ಕಡೆ ಮಾತ್ರ ತಿನ್ನಿಸಬಹುದಲ್ವಾ?

ಈಗ ಮಾಡುವುದು ಇಷ್ಟೇ. ಕ್ಷಾರ ಇಲ್ಲದ ಸಾದಾ ಹಾಳೆಯಲ್ಲಿ ಗಾಢವಾಗಿ ಪ್ರಿಂಟ್ ತೆಗೆಯುತ್ತೇನೆ. ಪೂರ್ತಿ ಒಣಗಿದ ಮೇಲೆ ವಾಷಿಂಗ್ ಸೋಡಾ ನೀರನ್ನು ಸಣ್ಣ ಕುಂಚದಲ್ಲಿ ಮುಖಗಳಿಗೆ ಮಾತ್ರ ಹಚ್ಚುತ್ತೇನೆ. ನೀಲಿ ಕರಗಿ ತಿಳಿ ಹಳದಿ ಆಗುತ್ತದೆ, ಮುಖ ಹೋಯಿತು ಅನ್ನಿಸುತ್ತದೆ. ಚೆನ್ನಾಗಿ ತೊಳೆದು ಗಟ್ಟಿ ಚಹಾ ಡಿಕಾಕ್ಷನ್ ಹಚ್ಚಿದರೆ ಅದೇ ಮುಖ ಕಂದು ಬಣ್ಣದಲ್ಲಿ ಮೆಲ್ಲಗೆ ಎದ್ದು ಬರುತ್ತದೆ. ಮೊದಲು ಕಣ್ಣಿನ ಗುಳಿ, ಆಮೇಲೆ ಮೂಗಿನ ನೆರಳು. ಕುರ್ಚಿ, ಹೆಗಲ ಮೇಲಿಟ್ಟ ಕೈ, ಗೋಡೆ ಎಲ್ಲಾ ನೀಲಿಯಲ್ಲೇ ಉಳಿಯುತ್ತವೆ. ಗೊತ್ತಿಲ್ಲದವರ ಮುಖ ನೆನಪಿಗೆ ಬರುವುದು ನನಗೆ ಹೀಗೇ. ಸೋಡಾ ಎಷ್ಟು ಹಾಕಬೇಕು, ಯಾವ ಕ್ಷಣಕ್ಕೆ ನಿಲ್ಲಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಎರಡು ವರ್ಷ ಹಾಳೆ ಸುಟ್ಟು ಕಲಿತದ್ದು. ಈಗ ಹತ್ತರಲ್ಲಿ ಏಳು ಸರಿಯಾಗಿ ಬರುತ್ತವೆ.

ನಡುವೆ ಇನ್ನೊಂದು ಮಾಡಿ ನೋಡಿದೆ. ಒಂದು ಪ್ರಿಂಟನ್ನು ಕಿಟಕಿಯ ಬಿಸಿಲಿಗೆ ಬಿಟ್ಟೆ. ಮೂರು ವಾರಕ್ಕೆ ಬಿಳಚಿಕೊಂಡಿತು. ಕಪಾಟಿನ ಕತ್ತಲಲ್ಲಿ ಇಟ್ಟೆ, ನೀಲಿ ಮುಕ್ಕಾಲು ಪಾಲು ವಾಪಸ್ ಬಂತು. ಸೋಡಾ ಅಳಿಸಿದ್ದು ಮಾತ್ರ ಹಾಗೆ ಸುಮ್ನೆ ವಾಪಸ್ ಬರುವುದಿಲ್ಲ.

ಆ ಮಗುವಿನ ಪದರ ಅಂಟಿದ ಗಾಜನ್ನು ಎಸೆದಿಲ್ಲ. ಮೊನ್ನೆ ತೆಳು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು, ಅದರಿಂದಲೇ ನೇರವಾಗಿ ಪ್ರಿಂಟ್ ತೆಗೆದೆ. ಮಗು ನೆಗೆಟಿವ್ ಆಗಿ ಬಂದಿದೆ. ಬಿಳಿ ಅಂಗಿ ಕಡುನೀಲಿ, ಕೂದಲು ಬಿಳಿ. ಅದಕ್ಕೆ ಸೋಡಾ ಹಚ್ಚಿಲ್ಲ.